ಆರಾರೂಟ್ ಬೋಗುಣಿಯ ಪರೀಕ್ಷೆ

ಆಗೆಲ್ಲ ದಸರಾ ರಜೆ ಬಂತೆಂದರೆ ಮಂಡಿ ಮೊಹಲ್ಲಾದ ನಮ್ಮ ವಠಾರದ ಮಕ್ಕಳಿಗೆ ಸಂಜೆಯಾಗುವುದನ್ನು ಕಾಯುವುದೇ ಕೆಲಸ. ಮನೆಮನೆಯ ಬಾಗಿಲಲ್ಲಿ ನಿಂತು "ಬೊಂಬೆ ಕೂರ್ಸಿದ್ದೀರಾ?" ಎಂದು ಕೂಗುವುದು, ಬೊಂಬೆ ನೋಡಿದ ಶಾಸ್ತ್ರ ಮಾಡಿ ಅವರು ಕೊಟ್ಟ ಚರ್ಪನ್ನು, ಅಂದರೆ ಕೋಡುಬಳೆಯನ್ನೋ ರವೆಉಂಡೆಯನ್ನೋ, ಚಡ್ಡಿ ಜೇಬಿಗೆ ತುಂಬಿಕೊಂಡು ಮುಂದಿನ ಮನೆಗೆ ಓಡುವುದು. ರಜೆ ಮುಗಿದ ಮೇಲೂ ಜೇಬಿನ ಎಣ್ಣೆ ವಾಸನೆ ಹೋಗುತ್ತಿರಲಿಲ್ಲ.

ವಠಾರದ ಯಜಮಾನಿ ಸಾವಿತ್ರಜ್ಜಿಯದು ಎಲ್ಲರಿಗಿಂತ ದೊಡ್ಡ ಬೊಂಬೆ ಸಾಲು. ನಾನು ಐದನೇ ಕ್ಲಾಸಿನಲ್ಲಿದ್ದ ವರ್ಷ, ಅಜ್ಜಿ ಹಿತ್ತಲಲ್ಲಿದ್ದ ಒಂದು ಮಧ್ಯಾಹ್ನ, ಅವರ ಮಣ್ಣಿನ ಶೆಟ್ಟಿ ಬೊಂಬೆಯನ್ನು ಎತ್ತಿ ನೋಡಲು ಹೋಗಿ ಕೈಜಾರಿ ಬೀಳಿಸಿದೆ. ತಲೆ ಒಂದು ಕಡೆ, ಹೊಟ್ಟೆ ಒಂದು ಕಡೆ. ಚೂರುಗಳನ್ನು ಅಂಗಿಯಲ್ಲಿ ಬಳಿದುಕೊಂಡು ಹೋಗಿ ಮೋರಿಗೆ ಹಾಕಿಬಂದೆ. ಸಂಜೆ ನೋಡಿದರೆ ಅವನ ಜೋಡಿಬೊಂಬೆ ಶೆಟ್ಟಮ್ಮ ಒಬ್ಬಳೇ ಅಕ್ಕಿಬೇಳೆ ಹರಡಿಕೊಂಡು ಕೂತಿದ್ದಳು.

"ಯಾರ್ರೋ ಎತ್ಕೊಂಡೋಗಿದ್ದು? ನಮ್ಮತ್ತೆ ಕೊಟ್ಟಿದ್ದು ಕಣ್ರೋ ಅದು," ಎಂದು ಅಜ್ಜಿ ಕಣ್ಣಲ್ಲಿ ನೀರು ಹಾಕಿಕೊಂಡರು. "ಯಾರು ಅಂತ ಗೊತ್ತಾಗೋ ತನಕ ಒಬ್ಬರಿಗೂ ಚರ್ಪಿಲ್ಲ."

ಆಗ ನನಗೆ ಹೊಳೆದದ್ದು ಆರಾರೂಟ್ ಪುಡಿ. ಅಪ್ಪನ ಪಂಚೆಗೆ ಗಂಜಿ ಹಾಕಲು ಅಮ್ಮ ಅದನ್ನು ಮೊದಲು ತಣ್ಣೀರಿನಲ್ಲಿ ಕಲಸಿಡುತ್ತಿದ್ದರು. ನೀರು ಕಡಿಮೆಯಾದರೆ ಅದಕ್ಕೆ ವಿಚಿತ್ರ ಬುದ್ಧಿ. ಬೆರಳನ್ನು ಮೆಲ್ಲಗೆ ಇಟ್ಟರೆ ಹಾಲಿನಂತೆ ಒಳಗೆ ಬಿಡುತ್ತದೆ, ಗುದ್ದಿದರೆ ಕಲ್ಲು. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ, ಮುಷ್ಟಿ ಬಿಚ್ಚಿದರೆ ಬೆರಳ ಸಂದಿಯಿಂದ ಸೋರಿಹೋಗುತ್ತದೆ. ಒಳಗಿಟ್ಟ ಕೈಯನ್ನು ಸರಕ್ಕನೆ ಎಳೆದರೆ ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಅಡುಗೆಮನೆಯಲ್ಲಿ ಒಬ್ಬನೇ ಆಡಿ ಆಡಿ ಇದನ್ನೆಲ್ಲ ಕಂಡುಕೊಂಡಿದ್ದೆ, ಯಾರಿಗೂ ಹೇಳಿರಲಿಲ್ಲ.

ಮರುದಿನ ಜಗಲಿಯ ಮೇಲೆ ಒಂದು ಸಣ್ಣ ಬೋಗುಣಿ ತುಂಬ ಕಲಸಿಟ್ಟು, ಅದಕ್ಕೆ ಕುಂಕುಮ ಹಚ್ಚಿ, "ಕದ್ದೋರ ಕೈಯನ್ನ ಇದು ಬಿಡಲ್ಲ" ಎಂದು ಸಾರಿದೆ. ಅಜ್ಜಿ ನಗುತ್ತಲೇ ಬಂದು ಕೂತರು. ಮೊದಲು ನಾನೇ ಕೈ ಇಟ್ಟು ಮೆಲ್ಲಗೆ ತೆಗೆದೆ. ಉಳಿದವರಿಗೂ "ನಿಧಾನ, ನಿಧಾನಕ್ಕೆ ತೆಗಿ" ಎಂದು ಹೇಳಿಕೊಟ್ಟೆ. ಎಲ್ಲರೂ ಪಾರಾದರು.

ಕೊನೆಗೆ ಉಳಿದವನು ಮಹದೇವ. ಆ ವರ್ಷವಷ್ಟೇ ಹಳ್ಳಿಯಿಂದ ಬಂದು ಹಿಂದಿನ ಕೋಣೆ ಸೇರಿದ್ದವರ ಮಗ. ನನ್ನ ಗೆಳೆಯ, ಆಟದಲ್ಲಿ ಗೆದ್ದ ಗೋಲಿಗಳನ್ನೂ ವಾಪಸು ಕೊಡುತ್ತಿದ್ದವನು. ಅವನ ಬೆರಳು ತಳ ಮುಟ್ಟಿದ್ದನ್ನು ನೋಡಿಕೊಂಡು ನಾನು ಕೂಗಿದೆ:

"ಬೇಗ ಎಳ್ಕೊಳೋ!"

ಎಳೆದ. ಕೈಯ ಜೊತೆ ಬೋಗುಣಿಯೇ ಮೇಲೆದ್ದಿತು.

"ಹಿಡ್ಕೊಂಬುಡ್ತು! ಹಿಡ್ಕೊಂಬುಡ್ತು!" ಮಕ್ಕಳೆಲ್ಲ ಕುಣಿದರು. ಅಜ್ಜಿಯ ನಗು ನಿಂತಿತು. ಅವನ ತಾಯಿ ಓಡಿಬಂದು ಎಲ್ಲರ ಎದುರು ಬೆನ್ನಿಗೆ ಬಾರಿಸಿದರು. "ಎಲ್ ಮಡ್ಗಿದ್ದೀಯ, ಯೋಳ್ಲಾ!" ಅವನು ತನ್ನ ಕೈಯನ್ನೇ ನೋಡಿಕೊಳ್ಳುತ್ತಿದ್ದ. ಉಳಿದ ನಮಗೆಲ್ಲ ಚರ್ಪು ಸಿಕ್ಕಿತು. ಪತ್ತೆ ಮಾಡಿದವನೆಂದು ನನಗೆ ಎರಡು ರವೆಉಂಡೆ. ತಿಂದೆ.

ಸಂಜೆ ನಲ್ಲಿಯ ಕಟ್ಟೆಯ ಮೇಲೆ ಮಹದೇವ ಒಬ್ಬನೇ ಕೂತಿದ್ದ. ಬೆರಳುಗಳ ಮೇಲೆ ಬಿಳಿ ಪುಡಿ ಒಣಗಿತ್ತು.

"ಸೀನ, ನಂಗೇ ಗೊತ್ತಿಲ್ದಂಗೆ ನಾನೇ ತಕ್ಕೊಂಡಿರ್ಬೋದಾ? ಇಲ್ದಿದ್ರೆ ಅದು ಎಂಗೆ ಇಡ್ಕೊಂಡೀತು?"

ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ನನಗೆ ಮತ್ತೆ ಸಿಗಲಿಲ್ಲ. ನಾನು ಹೇಳಿದ್ದು, "ಇರ್ಬೋದು ಕಣೋ."

ಮಾರನೆಯ ಬೆಳಿಗ್ಗೆ ಅವನು ತಾನಾಗಿಯೇ ಹೋಗಿ ಅಜ್ಜಿಯ ಕಾಲಿಗೆ ಬಿದ್ದು "ತಪ್ಪಾಯ್ತು" ಎಂದ. ದೀಪಾವಳಿಗೆ ಮೊದಲೇ ಅವರು ಕೋಣೆ ಖಾಲಿ ಮಾಡಿಕೊಂಡು ಹೋದರು.

ಮೊನ್ನೆ ದಟ್ಟಗಳ್ಳಿಯ ಮನೆಯಲ್ಲಿ ಮೊಮ್ಮಗಳು ಶಾಲೆಯ ಪ್ರಾಜೆಕ್ಟಿಗೆಂದು ಕಾರ್ನ್‌ಫ್ಲೋರ್ ಕಲಸಿ ನನಗೆ ತೋರಿಸಿದಳು. "ಜೋರಾಗಿ ಎಳೆದ್ರೆ ಒಳಗಿರೋ ಕಣಗಳು ಒಂದಕ್ಕೊಂದು ಸಿಕ್ಕಾಕೊಳ್ತವೆ ತಾತ. ಯಾರು ಎಳೆದ್ರೂ ಅಷ್ಟೇ."

ಅವಳು ಹೇಳಿದ್ದು ನನಗೆ ಹತ್ತನೇ ವಯಸ್ಸಿನಲ್ಲೇ ಗೊತ್ತಿತ್ತು.

ವಠಾರವನ್ನು ಕೆಡವಿ ಗೋಡೌನು ಕಟ್ಟಿದ್ದಾರೆ. ಸಾವಿತ್ರಜ್ಜಿ ಇಲ್ಲ. ಬೊಂಬೆ ಕೂರ್ಸಿದ್ದೀರಾ ಎಂದು ಬಾಗಿಲಲ್ಲಿ ಕೂಗುವ ಮಕ್ಕಳೂ ಕಡಿಮೆಯಾದರು. ಇವೆಲ್ಲ ಕಾಲಕ್ಕೆ ಹೋದವು ಎನ್ನಬಹುದು. ತಾನು ಕದ್ದಿಲ್ಲವೆಂದು ಒಬ್ಬ ಹುಡುಗನಿಗೆ ತನ್ನ ಬಗ್ಗೆ ಇದ್ದ ಖಾತ್ರಿ ಹಾಗೆ ಹೋದದ್ದಲ್ಲ. ಅದನ್ನು ಕಿತ್ತುಕೊಂಡವನು ನಾನು. ಈಚೆಗೆ ಅವನಿಗಾಗಿ ಅಲ್ಲಿ ಇಲ್ಲಿ ವಿಚಾರಿಸಿದೆ, ಸುಳಿವು ಸಿಗಲಿಲ್ಲ. ಬದುಕಿದ್ದರೆ ಅವನಿಗೂ ನನ್ನಷ್ಟೇ ವಯಸ್ಸು. ದಸರೆಯಲ್ಲಿ ಯಾರದೋ ಮನೆಯ ಬೊಂಬೆಗಳ ಮುಂದೆ ನಿಂತಾಗ, ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾನೋ ಏನೋ.