ಹುಸೇನಬೀ ಬೆಳೆಸಿದ ಕುದುರೆಮರಿ

ಕಾರಟಗಿಯಲ್ಲಿ ಮದುವೆ ಮೆರವಣಿಗೆಗೆ ಕುದುರೆ ಬೇಕೆಂದರೆ ನಮ್ಮ ಓಣಿಯ ಹುಸೇನಬೀಯನ್ನೇ ಕೇಳುತ್ತಾರೆ. ಅವಳ ಗಂಡ ಜಿಲಾನಸಾಬ ಮೊದಲು ಟಾಂಗಾ ಹೊಡೆಯುತ್ತಿದ್ದ. ಆಟೋಗಳು ಹೆಚ್ಚಾದ ಮೇಲೆ ಮದುವೆಗಳಿಗೆ ಕುದುರೆ ಒಯ್ಯತೊಡಗಿದ. ಅವನು ತೀರಿಕೊಂಡಾಗ ಕುದುರೆ ಮಾರಿಬಿಡು ಎಂದವರೇ ಬಹಳ. ಹುಸೇನಬೀ ಮಾರಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಲಗಾಮು ಹಿಡಿದು ತಾನೇ ಬ್ಯಾಂಡಿನವರ ಜೊತೆ ನಡೆದಳು.

ಆ ಹೆಣ್ಣುಕುದುರೆ ಚಾಂದನಿಗೆ ವಯಸ್ಸಾಗುತ್ತ ಬಂತು. ಇನ್ನು ಮನೆ ನಡೆಯಬೇಕಾದದ್ದು ಅದರ ಹೆಣ್ಣುಮರಿ ಶಬನಮ್‌ನಿಂದ. ಆದರೆ ತಾಯಿಯ ಹಾಲು ಬಿಟ್ಟ ಮೇಲೆ ಮರಿ ಸೊರಗಿತು. ಹೊಟ್ಟೆ ಮಾತ್ರ ದಪ್ಪ. ಬೆನ್ನೆಲುಬು ಎದ್ದು ಕಾಣುತ್ತಿತ್ತು, ಗೊರಸು ಸೀಳುತ್ತಿತ್ತು.

ಬ್ಯಾಂಡಿನ ಮಾಲೀಕ ದೊಡ್ಡಬಸಪ್ಪ ನೋಡಿ ನಕ್ಕ. "ಅಕ್ಕಾ, ಮದುಮಗ ಇದರ ಮ್ಯಾಲೆ ಹೋಗ್ತಾನೋ, ಇದನ್ನ ಹೊತ್ಕೊಂಡು ಹೋಗ್ತಾನೋ? ಹಿಂಗ ಇದ್ರ ನಾ ಹೊಸಪೇಟಿಯಿಂದ ಕುದುರಿ ತರಸ್ತೀನಿ ನೋಡು."

"ತರಸೂಕಿಂತ ಮೊದಲ ಇನ್ನೊಮ್ಮೆ ಬಂದು ಇದನ್ನ ನೋಡಿ ಹೋಗ್ರಿ," ಎಂದಳು ಹುಸೇನಬೀ.

ಮರಿಯನ್ನು ದನದ ದವಾಖಾನೆಗೆ ಒಯ್ದಳು. ಏನು ಹಾಕುತ್ತೀ ಎಂದು ಡಾಕ್ಟರು ಕೇಳಿದರು.

"ನೆಲ್ಲಿನ ಹುಲ್ಲು, ಮಿಲ್ಲಿನ ತೌಡು. ಹೊಟ್ಟಿ ತುಂಬ ಹಾಕ್ತೀನ್ರಿ."

ಇಲ್ಲಿ ಸುತ್ತ ಅಕ್ಕಿಯ ಮಿಲ್ಲುಗಳೇ. ಎಲ್ಲರ ಮೇವೂ ಅದೇ. ಡಾಕ್ಟರು ಬಿಡಿಸಿ ಹೇಳಿದರು: ಬೆಳೆಯುವ ಮರಿಗೆ ಮಾಂಸಖಂಡ, ಗೊರಸು ಕಟ್ಟಲು ಅಮೈನೋ ಆಮ್ಲಗಳು ಬೇಕು. ಅವುಗಳಲ್ಲಿ ಲೈಸಿನ್ ಎಂಬುದು ಈ ಮೇವಿನಲ್ಲಿ ಸಾಲುವುದಿಲ್ಲ. ಬೇಯಿಸಿದ ಹುರಳಿ, ಸೋಯಾ ಹಿಂಡಿ, ಹಸಿ ಕುದುರೆಮೆಂತೆ ಸೊಪ್ಪು ಕೊಡಬೇಕು. ಜೊತೆಗೆ ಕುದುರೆಗೆಂದೇ ಮಾಡಿದ ಲೈಸಿನ್ ಪುಡಿ. ಪುಡಿ ಊರಲ್ಲಿರಲಿಲ್ಲ, ಔಷಧದ ಅಂಗಡಿಯವನು ತರಿಸಬೇಕಾಯಿತು.

ಅದು ಬರುವ ಮೊದಲೇ ಮೈದುನ ಖಲಂದರ ಒಂದು ಚೀಲ ತಂದ. ಅವನಿಗೆ ಗಂಗಾವತಿ ಹತ್ತಿರದ ಕೋಳಿ ಫಾರ್ಮಿನಲ್ಲಿ ಕೆಲಸ.

"ಭಾಬಿ, ಈ ಕೋಳಿ ಆಹಾರದಾಗೂ ಅದೇ ಲೈಸಿನ್ ಐತಿ. ನಮ್ಮ ಕೋಳಿ ಹೆಂಗ ಉಬ್ಬತಾವ ಗೊತ್ತೇನು?" ಎಂದವನೇ ಗೋದಲಿಗೆ ಸುರಿದ. ಶಬನಮ್ ಬಾಯಿ ಹಾಕಲು ಬಂತು.

ಹುಸೇನಬೀ ಅದರ ಹಗ್ಗ ಹಿಡಿದು ಹಿಂದಕ್ಕೆಳೆದಳು. "ಇದೇನು ಮೊಟ್ಟಿ ಇಡತೈತೇನೋ? ಡಾಕ್ಟ್ರನ್ನ ಕೇಳೂತನಕ ಒಂದು ಕಾಳೂ ಬ್ಯಾಡ."

"ಲೈಸಿನ್ ಅಂದ್ರ ಲೈಸಿನ್ ಭಾಬಿ! ಭಾಳ ಶಾಣ್ಯಾಕಿ ಆಗೀಯಲ್ಲ!"

ಅವಳು ಅಲ್ಲಿಂದಲೇ ಫೋನು ಹಚ್ಚಿದಳು. ಕೋಳಿಗೆ ರೋಗ ಬರಬಾರದೆಂದು ಆಹಾರದಲ್ಲಿ ಬೆರೆಸುವ ಕೆಲವು ಔಷಧಗಳು ಕುದುರೆಯ ಹೃದಯವನ್ನೇ ಕೆಡಿಸಿ ಕೊಲ್ಲುತ್ತವೆ ಎಂದರು ಡಾಕ್ಟರು. ಖಲಂದರನಿಗೂ ಅದು ಕೇಳಿಸಿತು. ಗೋದಲಿ ಬಳಿದು, ನೀರು ಹಾಕಿ ತಾನೇ ತಿಕ್ಕಿ ತೊಳೆದ.

ಪುಡಿ ಬಂದ ಮೇಲೆ ಹುಸೇನಬೀ ಡಾಕ್ಟರು ಹೇಳಿದ ಅಳತೆಯಲ್ಲೇ ಆರಿದ ಹುರಳಿಗೆ ಕಲಸಿ ಹಾಕಿದಳು. ಹೊಸ ಮೇವನ್ನು ಸ್ವಲ್ಪಸ್ವಲ್ಪವಾಗಿ ಹೆಚ್ಚಿಸಿದಳು. ತಿಂಗಳುಗಳು ಹೋದಂತೆ ಬೆನ್ನು ತುಂಬಿತು, ಹೊಸ ಗೊರಸು ಗಟ್ಟಿಯಾಗಿ ಇಳಿಯಿತು.

ಮುಂದಿನ ಮದುವೆ ಕಾಲಕ್ಕೆ ದೊಡ್ಡಬಸಪ್ಪ ಬಂದು ಅದರ ಬೆನ್ನ ಮೇಲೆ ಅಂಗೈ ಎಳೆದ. "ಅಕ್ಕಾ, ಇವತ್ತ ಜೀನು ಹಾಕು."

"ಇಲ್ರಿ. ಎಲುಬು ಇನ್ನೂ ಬಲೀಬೇಕು. ಈ ವರ್ಷ ಮದುಮಗ ಚಾಂದನಿ ಮ್ಯಾಲೆ. ಇದು ಬಾಜೂಕ ನಡೀತೈತಿ, ಬ್ಯಾಂಡಿನ ಸಪ್ಪಳ ರೂಢಿ ಆಗ್ಲಿ."

"ಹಂಗಾರ ನಾ ಹೊಸಪೇಟಿಯವಗ ಏನು ಹೇಳ್ಲಿ?"

"ಬರಬ್ಯಾಡ ಅನ್ರಿ," ಎಂದು ಹುಸೇನಬೀ ಮರಿಯ ಹಣೆಗೆ ಗೊಂಡೆ ಕಟ್ಟಿದಳು.