ಮೈಲಾರೆಪ್ಪನ ಸರಪಳಿ

ಮೇಡ್ಲೇರಿಯ ಲೈನ್‌ಮನ್ ಮೈಲಾರೆಪ್ಪ ಫ್ಯೂಸ್ ತೆಗೆದ ಮೇಲೂ ತಂತಿ ಮುಟ್ಟುವವನಲ್ಲ. ಕಬ್ಬಿಣದ ಸರಪಳಿಯ ಒಂದು ತುದಿಯನ್ನು ನೆಲದ ಸಲಾಕೆಗೆ ಬಿಗಿದು, ಇನ್ನೊಂದನ್ನು ಮೂರೂ ತಂತಿಗಳ ಮೇಲೆ ಎಸೆದೇ ಕಂಬ ಹತ್ತುತ್ತಿದ್ದ. ಕಳ್ಳ ಕರೆಂಟಿದ್ದರೆ ಭೂಮಿಗೆ ಇಳಿಯಲಿ ಎಂದು. "ತಂತಿ ಸತ್ತೈತಿ ಅಂತ ನಾವು ಅಂತೀವಿ, ತಂತಿ ಅನ್ನಂಗಿಲ್ಲ," ಎನ್ನುತ್ತಿದ್ದ. ಇಪ್ಪತ್ತೆರಡು ವರ್ಷ ಅದೇ ಪದ್ಧತಿ.

ನನ್ನದು ಊರ ಹೊರಗೆ ಖಾರಪುಡಿ ಗಿರಣಿ. ಬಾಯಿ ಸುಮ್ಮನಿಟ್ಟುಕೊಳ್ಳುವ ಆಸಾಮಿಯಲ್ಲ ನಾನು. "ಮೈಲಾರ ಜಾತ್ರಿ ಗೊರವಪ್ಪ ಬಂದ ನೋಡ್ರಿ, ಸರಪಳಿ ಹರಿಯಾಕ," ಎಂದು ಕಾಡುತ್ತಿದ್ದೆ.

"ನಗು ವಿರೂಪಾಕ್ಷಪ್ಪ, ನಗು. ನನ್ನ ಹೇಂತಿ ಗುತ್ತೆವ್ವನ ತಾಳಿ ಇದು."

ಎರಡು ಸಾವಿರದ ಆರರ ಬೇಸಿಗೆ. ಬ್ಯಾಡಗಿಯಿಂದ ಮೆಣಸಿನಕಾಯಿ ಬಂದು ಬಿದ್ದಿತ್ತು, ಕರೆಂಟಿನದು ಕಣ್ಣಾಮುಚ್ಚಾಲೆ. ರಾಣೆಬೆನ್ನೂರಿನಿಂದ ಹಳೆಯ ಜನರೇಟರ್ ತಂದೆ. ಅದನ್ನು ಟ್ರ್ಯಾಕ್ಟರಿನ ಟ್ರೇಲರಿಗೆ ಬಿಗಿಯಲು ಮೈಲಾರೆಪ್ಪನ ಸರಪಳಿ ಇಸಕೊಂಡಿದ್ದೆ. ಸಂಜೆಗೆ ಕೊಡುತ್ತೇನೆಂದವನು ನಾಲ್ಕು ದಿನ ಕೊಡಲಿಲ್ಲ. ಮರೆವಲ್ಲ, ಬರೀ ಸೋಮಾರಿತನ.

ಐದನೆಯ ದಿನ ಗಾಳಿಗೆ ನನ್ನ ಗಿರಣಿಯ ಟಿಸಿಗೆ, ಅಂದರೆ ಟ್ರಾನ್ಸ್‌ಫಾರ್ಮರಿಗೆ, ಬರುವ ತಂತಿ ಹರಿಯಿತು. ಮೈಲಾರೆಪ್ಪ ಬಂದ.

"ಸರಪಳಿ ಕೊಡಪಾ."

"ಟ್ರ್ಯಾಕ್ಟರ್ ಗುತ್ತಲಕ್ಕ ಹೋಗೈತಣ್ಣ, ಅದರಾಗ ಐತಿ. ಮ್ಯಾಲೆ ಸ್ವಿಚ್ ತಗದಿಯಲ್ಲ, ಇನ್ನೆಲ್ಲಿ ಕರೆಂಟ್? ಲಗೂ ಮುಗಸು."

ಅವನು ಗುತ್ತಲದ ದಾರಿಯನ್ನೇ ಸ್ವಲ್ಪ ಹೊತ್ತು ನೋಡಿದ. ಆಮೇಲೆ ಕಬ್ಬಿನ ಹೊಲದಾಚೆಯ ಕಂಬದ ಕಡೆ ಹೋದ. ಗಿರಣಿಯಿಂದ ಆ ಕಂಬ ಕಾಣುವುದಿಲ್ಲ.

ಗಿರಾಕಿಗಳು ಗೊಣಗುತ್ತಿದ್ದರು. ನಾನು ಜನರೇಟರಿನ ವೈರನ್ನು ಬೋರ್ಡಿಗೆ ಕೊಟ್ಟು ಚಾಲೂ ಮಾಡಿದೆ, ಗಿರಣಿಯನ್ನು ಲೈನಿನಿಂದ ಬಿಡಿಸುವ ಮೇನ್ ಸ್ವಿಚ್ ಮಾತ್ರ ಕೆಳಗೆಳೆಯಲಿಲ್ಲ. ಕಂಬದಿಂದ ಗಿರಣಿಗೆ ಕರೆಂಟು ಬರುವುದನ್ನಷ್ಟೇ ಕಂಡ ದಡ್ಡ ನಾನು. ಟಿಸಿಯೊಳಗೆ ಎರಡು ಸುರುಳಿಗಳಿವೆಯಂತೆ. ಒಂದಕ್ಕೊಂದು ತಾಗಿಲ್ಲ, ಆದರೂ ಒಂದರ ಕಾಂತಬಲ ಏರಿಳಿದರೆ ಇನ್ನೊಂದರಲ್ಲಿ ಕರೆಂಟು ಹುಟ್ಟುತ್ತದೆ, ಯಾವ ಕಡೆಯಿಂದ ಕೊಟ್ಟರೂ ಹುಟ್ಟುತ್ತದೆ. ನನ್ನ ನಾನೂರು ವೋಲ್ಟು ಆಚೆ ಹನ್ನೊಂದು ಸಾವಿರವಾಗಿ ಕಂಬ ಹತ್ತಿತ್ತು. ಇದನ್ನೆಲ್ಲ ಹೇಳಿದವನು ಮರುದಿನ ಬಂದ ಇನ್‌ಸ್ಪೆಕ್ಟರ್.

ಜನರೇಟರ್ ಒಮ್ಮೆ ಗೊರಗುಟ್ಟಿ ಬಂದ್ ಆಯಿತು. ಹಾಳಾದ್ದು ಎಂದು ಬೈದು ಮತ್ತೆ ಚಾಲೂ ಮಾಡಿದೆ. ಆಗ ಹೊಲದಾಚೆ ಜನ ಕೂಗುವುದು ಕೇಳಿಸಿತು.

ಜಾಮೀನು ಸಿಕ್ಕು ಊರಿಗೆ ಬಂದ ದಿನವೇ ಗುತ್ತೆವ್ವ ಗಿರಣಿಗೆ ಬಂದಳು. ಅವಳ ಬರಿಗೊರಳು ನೋಡಲಾರದೆ ತಲೆ ತಗ್ಗಿಸಿದೆ. ಚಪ್ಪಲಿಯಿಂದ ಹೊಡೆಯಲಿ ಎಂದು ನಿಂತಿದ್ದೆ, ಖರೇ ಹೇಳುತ್ತೇನೆ, ಹೊಡೆದಿದ್ದರೆ ಬದುಕುತ್ತಿದ್ದೆ.

"ಸರಪಳಿ ಕೊಡು," ಎಂದಳು. "ಹೊಸಾ ಲೈನ್‌ಮನ್ ಬಂದಾನ. ಅವನ ಹೇಂತಿ ಬಸುರಿ ಅದಾಳ."