ಹೀಟರ್ ಪೈಪು, ಅಣ್ಣನ ಕಂಬಳಿ

ನಮ್ಮ ಬಿಸಿಲಿಗೆ ಗಾಡಿಯಲ್ಲಿ ಹೀಟರ್ ಯಾಕೆ ಬೇಕಿತ್ತೋ! ಅಣ್ಣ ಕುರಿ ಸಾಗಿಸಲೆಂದು ತಂದ ಹಳೆಯ ಪಿಕಪ್ಪಿನಲ್ಲಿ ಅದೂ ಇತ್ತು, ಅದೂ ಕೆಟ್ಟಿತ್ತು. ಬಂದ್ ಮಾಡಿದರೂ ಕಾಲಿಗೆ ಬಿಸಿಗಾಳಿ ಊದುತ್ತಿತ್ತು. ಚಳ್ಳಕೆರೆಯ ಮೆಕ್ಯಾನಿಕ್, "ಎಂಜಿನ್ ನೀರೇ ಹೀಟರಿಗೂ ಹೋಗೋದು. ಬಿಸಿ ಇದ್ದಾಗ ಆ ಪೈಪಿಗೆ ಕೈ ಹಾಕ್ಬೇಡ್ರಿ. ಒಂದಿನ ಗಾಡಿ ಬಿಟ್ಟೋಗ್ರಿ," ಅಂದಿದ್ದ. ಅಣ್ಣನಿಗೆ ಆ ಒಂದು ದಿನ ಸಿಗಲೇ ಇಲ್ಲ. ಉಣ್ಣೆ ಕತ್ತರಿಸುವ ಕಾಲ ಬಂತೆಂದರೆ ಹಟ್ಟಿಯವರೆಲ್ಲ ಅವನನ್ನೇ ಕರೆಯುತ್ತಿದ್ದರು. ಕುರಿಯ ಮೈಗೆ ಒಂದು ಗೀರೂ ಬೀಳದ ಹಾಗೆ ಕತ್ತರಿ ಆಡಿಸುವ ಕೈ ಅವನದು.

ಅವತ್ತು ಕುರಿ ತುಂಬಿಕೊಂಡು ಇಬ್ಬರೂ ಸಂತೆಗೆ ಹೊರಟಿದ್ದೆವು. ದೊಡ್ಡಉಳ್ಳಾರ್ತಿ ಕಾವಲಿನ ಹುಲ್ಲು ಬಯಲು ದಾಟುವಾಗ ಗಾಜಿನ ಒಳಗೆಲ್ಲ ಹಬೆ ಕಟ್ಟಿತು, ಕಾಲಡಿ ಬಿಸಿನೀರು ಹರಿಯಿತು. ಅಣ್ಣ ಗಾಡಿ ನಿಲ್ಲಿಸಿ ಬಾನೆಟ್ ಎತ್ತಿದ.

"ಈ ದರಿದ್ರ ಹೀಟರಿನ ಪೈಪ್ ಕಿತ್ತು ಬಾಯಿ ಮುಚ್ಚಿಬಿಡ್ತೀನಿ."

"ಆರ್ಲಿ ತಡಿಯಣ್ಣ."

"ಅಷ್ಟೊತ್ತಿಗೆ ಕುರಿ ಬಿಸ್ಲಾಗೆ ಸಾಯ್ತಾವೆ ಕಣವ್ವ. ಕಂಬಳಿ ಐತಲ್ಲ."

ನಮ್ಮವರಿಗೆ ಕಂಬಳಿಯೊಂದಿದ್ದರೆ ಸಾಕು. ಮಳೆಗೂ ಅದೇ, ಮುಳ್ಳಿಗೂ ಅದೇ, ಒಲೆಯಿಂದ ಬಿಸಿ ಪಾತ್ರೆ ಇಳಿಸಲೂ ಅದರ ತುದಿಯೇ. ಅಣ್ಣ ಹೆಗಲ ಮೇಲಿನ ಕಂಬಳಿಯ ತುದಿಯನ್ನು ಬಲಗೈಗೆ ಬಿಗಿಯಾಗಿ ಸುತ್ತಿ, ಪೈಪ್ ಹಿಡಿದು ಎಳೆದ. ಕುದಿನೀರು ಬುಸ್ಸೆಂದು ಚಿಮ್ಮಿತು.

ಕಂಬಳಿ ಅದನ್ನೆಲ್ಲ ಕುಡಿದು ಕೈಗೆ ಅಂಟಿಕೊಂಡಿತು. ಕೊಡವಿದ, ಬಿಡಲಿಲ್ಲ. ಅವನು ಕೂಗಿದ್ದು ಈಗಲೂ ನನ್ನ ಕಿವಿಯಲ್ಲಿದೆ. ನಾನೇ ಓಡಿಹೋಗಿ ಸುತ್ತು ಬಿಚ್ಚಿದೆ. ಕೊನೆಯ ಸುತ್ತಿನ ಜೊತೆ ಚರ್ಮವೂ ಬಂತು. ಕುಡಿಯಲು ತಂದಿದ್ದ ನೀರನ್ನೆಲ್ಲ ಸುರಿದೆ. ದಾರಿಯಲ್ಲಿ ಬಂದ ಟ್ರ್ಯಾಕ್ಟರಿನವರು ಕುರಿಗಳ ಹತ್ತಿರ ನಿಂತರು, ನಾವು ಹಿಂದೆಯೇ ಬಂದ ಆಟೋ ಹತ್ತಿ ಆಸ್ಪತ್ರೆಗೆ ಹೋದೆವು.

"ಬರಿಗೈ ಆಗಿದ್ರೆ ನೀರು ಹರಿದು ಹೋಗ್ತಿತ್ತು. ಉಣ್ಣೆ ಬಿಸಿನೆಲ್ಲ ಹಿಡಿದಿಟ್ಟುಕೊಂಡಿದೆ," ಅಂದರು ಡಾಕ್ಟರು. ಆ ಹಾಳು ಗಾಡಿಗಿಂತ ಕಂಬಳಿಯ ಮೇಲೆಯೇ ನನಗೆ ಸಿಟ್ಟು ಉಕ್ಕಿತು. ಬೆಂಕಿಗೆ ಹಾಕೋಣವೆನ್ನಿಸಿತು.

ಗಾಯವೇನೋ ಮಾಯಿತು, ಬೆರಳುಗಳು ಮಡಚಲಿಲ್ಲ. ಈ ಸಲ ನಮ್ಮ ಕುರಿಗಳಿಗೇ ಬೇರೆಯವನು ಬಂದು ಕತ್ತರಿ ಹಾಕಿದ. ಅಣ್ಣ ಎಡಗೈಯಲ್ಲಿ ಕುರಿಯ ಕಾಲು ಹಿಡಿದುಕೊಂಡಿದ್ದ. ಮರಿಯೊಂದರ ಹೊಟ್ಟೆಗೆ ಗೀರು ಬಿದ್ದು ರಕ್ತ ಬಂದಾಗ ಮುಖ ತಿರುಗಿಸಿದ. ನನಗೆ ಅಳು ತಡೆಯಲಾಗಲಿಲ್ಲ.

ಚಳಿ ಶುರುವಾದಾಗ ಅವ್ವ ಅದೇ ಕಂಬಳಿಯನ್ನು ಒಗೆದು ಅವನಿಗೆ ಹೊದಿಸಿದಳು. ಅಣ್ಣ ಬೇಡ ಅನ್ನಲಿಲ್ಲ. ಬಲಗೈಯೊಂದನ್ನು ಹೊರಗಿಟ್ಟುಕೊಂಡು ಮಲಗಿದ.